ತುಪ್ಪ ಬೇಡವೆಂದ ಮೇಷ್ಟ್ರು

ಮೇಷ್ಟ್ರು ಬೂಟು ಕೊಳ್ಳಬೇಕೆಂದರೆ ಎರಡು ಜೊತೆ ಕೊಳ್ಳಬೇಕಿತ್ತು. ಬಲಗಾಲಿಗೆ ಎಂಟನೆಯ ನಂಬರು, ಎಡಗಾಲಿಗೆ ಹನ್ನೊಂದು. ಅವರ ಎಡಗಾಲು ಮೊಣಕಾಲಿನಿಂದ ಪಾದದವರೆಗೆ ಬಾಳೆದಿಂಡಿನಂತೆ ಒಂದೇ ದಪ್ಪಕ್ಕೆ ಊದಿಕೊಂಡಿತ್ತು. ಸಂಜೆ ಸ್ಕೂಲಿನಿಂದ ಬಂದು ಕಾಲುಚೀಲ ಕಳಚಿದರೆ ಅದರ ನೆಯ್ಗೆಯ ಗೆರೆಗಳೆಲ್ಲ ಚರ್ಮದ ಮೇಲೆ ಅಚ್ಚಾಗಿರುತ್ತಿದ್ದವು. ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು, ಅದು ತುಂಬಿಕೊಳ್ಳಲು ಬಹಳ ಹೊತ್ತು ಹಿಡಿಯುತ್ತಿತ್ತು. ಎರಡು ಜೊತೆಯಲ್ಲಿ ಮಿಕ್ಕ ಬೂಟುಗಳು ಹೊಸದಾಗಿಯೇ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಕೂತಿರುತ್ತಿದ್ದವು.

“ಬಲಗಾಲು ದಪ್ಪ ಇದ್ದಾವ ಯಾರರ ಸಿಕ್ರ ನನ್ನ ಕಡೆ ಕಳಸ್ರಿ. ಹೊಸಾ ಬೂಟು, ಫುಕ್ಕಟ ಕೊಡ್ತೀನಿ,” ಎಂದು ಮನೆಗೆ ಬಂದವರಿಗೆಲ್ಲ ಹೇಳಿ ತಾವೇ ನಗುತ್ತಿದ್ದರು.

ನಾನು ಆ ನಗುವನ್ನು ನಂಬುತ್ತಿರಲಿಲ್ಲ. ಆಗ ನಾನು ಯಾರನ್ನೂ ನಂಬುತ್ತಿರಲಿಲ್ಲ. ಈ ವಯಸ್ಸಿನಲ್ಲಿ ಮೇಷ್ಟ್ರ ಬಗ್ಗೆ ಬರೆಯಲು ಕೂತಿರುವುದು ಅವರನ್ನು ಹೊಗಳುವುದಕ್ಕಲ್ಲ. ಅವರಿಗೆ ನಾನು ಮಾಡಿದ್ದನ್ನು ಬರೆಯದೆ ಅವರ ಬಗ್ಗೆ ಏನು ಬರೆದರೂ ಅದು ಸುಳ್ಳಾಗುತ್ತದೆ.

ಅವರು ಧಾರವಾಡದವರು. ನ್ಯೂಯಾರ್ಕಿನ ಕ್ವೀನ್ಸ್‌ನ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ಮದುವೆಯಾಗಿರಲಿಲ್ಲ. ಬೆಲ್‌ರೋಸ್‌ನಲ್ಲಿ ಹಿಲ್‌ಸೈಡ್ ಅವೆನ್ಯೂ ಪಕ್ಕದ ಬೀದಿಯಲ್ಲಿ ಅವರ ಸಣ್ಣ ಮನೆ. ಮೈಸೂರು ಕಡೆಯ ನಾವು ‘ಮೇಷ್ಟ್ರೇ’ ಎಂದರೆ, “ಮಾಸ್ತರ ಅನ್ರೀ, ಛಂದಾಗಿ,” ಎಂದು ತಿದ್ದುತ್ತಿದ್ದರು. ಯಾರೂ ತಿದ್ದಿಕೊಳ್ಳಲಿಲ್ಲ. ಭಾನುವಾರ ಬೆಳಿಗ್ಗೆ ನಮ್ಮವರ ನಾಲ್ಕಾರು ಮಕ್ಕಳನ್ನು ಊಟದ ಮೇಜಿನ ಸುತ್ತ ಕೂರಿಸಿಕೊಂಡು ಲೆಕ್ಕ ಹೇಳಿಕೊಡುತ್ತಿದ್ದರು. ಗೋಡೆಗೆ ಒಂದು ಕರಿಹಲಗೆ, ಅಂಗಿಯ ಜೇಬಿನಲ್ಲಿ ಸದಾ ಒಂದು ಸೀಮೆಸುಣ್ಣ. ಮಕ್ಕಳು ಇಂಗ್ಲಿಷಿನಲ್ಲಿ ಫಟ್ಟನೆ ಉತ್ತರ ಹೇಳಿದರೆ, “ಉತ್ತರ ಯಾರರ ಹೇಳ್ತಾರ. ಹೆಂಗ ಬಂತು, ಅದನ್ನ ತೋರಸು,” ಎನ್ನುತ್ತಿದ್ದರು.

ನಾನು ಅವರ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದೆ. ಅರವತ್ತರ ದಶಕದ ಕೊನೆಯಲ್ಲಿ ಸರ್ಕಾರಿ ಅಧಿಕಾರಿಯೊಬ್ಬರ ಮನೆಯ ಅಡುಗೆಯವನಾಗಿ ಮ್ಯಾನ್‌ಹ್ಯಾಟನ್‌ಗೆ ಬಂದವನು ನಾನು. ಓದಿದ್ದು ಎಸ್ಸೆಸ್ಸೆಲ್ಸಿ. ಆ ಅಧಿಕಾರಿಗೆ ಬೇರೆ ದೇಶಕ್ಕೆ ವರ್ಗವಾದಾಗ ನಾನು ಅವರ ಜೊತೆ ಹೋಗದೆ ಉಳಿದುಬಿಟ್ಟೆ. ವೀಸಾ ಮುಗಿದಿತ್ತು. ವಾರವೆಲ್ಲ ಡೈನರ್ ಎಂಬ ಸಣ್ಣ ಅಮೆರಿಕನ್ ಹೋಟೆಲೊಂದರ ಅಡುಗೆಮನೆಯಲ್ಲಿ ದುಡಿಯುತ್ತಿದ್ದೆ. ಶನಿವಾರ ಭಾನುವಾರ ಕನ್ನಡದವರ ಮನೆಗಳಲ್ಲಿ ಹಬ್ಬಕ್ಕೆ, ನಾಮಕರಣಕ್ಕೆ ಅಡುಗೆ ಮಾಡುತ್ತಿದ್ದೆ. ಬಾಗಿಲು ಬಡಿದ ಸದ್ದಾದರೆ ಇಮಿಗ್ರೇಷನ್‌ನವರೇ ಬಂದರೆಂದು ದೀಪ ಆರಿಸಿ ಕೂರುತ್ತಿದ್ದೆ.

ಇನ್ನೊಂದು ಅಳುಕೂ ಇತ್ತು. ನಾನು ಮೈಸೂರಿನ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುತ್ತ ತೊಳೆಯುತ್ತ ಅಡುಗೆ ಕಲಿತವನು. ನಮ್ಮಪ್ಪ ಗಾರೆ ಕೆಲಸದವನು. ಇಲ್ಲಿಯ ಎಂಜಿನಿಯರುಗಳು, ಡಾಕ್ಟರುಗಳು ನನ್ನ ಕೈಯ ಸಾರು ಉಂಡು, “ಏನ್ ಭಟ್ರೇ, ನಮ್ಮಜ್ಜಿ ನೆನಪು ಬಂತು,” ಎಂದರು. ನಾನು ಭಟ್ಟನಲ್ಲ ಎಂದು ಹೇಳಲಿಲ್ಲ. ಆಮೇಲೆ ಹೇಳುವ ಹಾಗಿರಲಿಲ್ಲ. ಎಲ್ಲರೂ ಭಟ್ರೇ ಎಂದು ಕರೆಯುವಾಗ ಮೇಷ್ಟ್ರು ಮಾತ್ರ ನನ್ನನ್ನು ‘ಅಡಿಗಿಯವರ’ ಎನ್ನುತ್ತಿದ್ದರು. ಇವರಿಗೆ ಗೊತ್ತಾಗಿದೆ ಎಂದು ನನ್ನೊಳಗೆ ಹುಳ ಹೊಕ್ಕಿತು.

ಒಂದು ಯುಗಾದಿಗೆ ಹಿಕ್ಸ್‌ವಿಲ್‌ನ ಡಾಕ್ಟರಮ್ಮನ ಮನೆಯಲ್ಲಿ ನನ್ನ ಅಡುಗೆ. ನೆಲದ ಮೇಲೆ ಬೆಡ್‌ಶೀಟ್ ಹಾಸಿ, ಸಾಲಾಗಿ ಪೇಪರ್ ಪ್ಲೇಟ್ ಇಟ್ಟು ಪಂಕ್ತಿ ಕೂರಿಸಿದ್ದರು. ನಮ್ಮ ಊಟದ ಕ್ರಮ ಎಲ್ಲರಿಗೂ ಗೊತ್ತಿದ್ದದ್ದೇ. ಅನ್ನ, ತೊವ್ವೆ ಬಡಿಸಿದ ಮೇಲೆ ಮಿಳ್ಳೆಯಿಂದ ತುಪ್ಪ ಬೀಳಬೇಕು. ಅದು ಬೀಳುವ ತನಕ ಯಾರೂ ಅನ್ನಕ್ಕೆ ಕೈಹಚ್ಚುವುದಿಲ್ಲ. ಆ ಒಂದು ಕೆಲಸವನ್ನು ನಾನು ಬೇರೆಯವರಿಗೆ ಬಿಡುತ್ತಿರಲಿಲ್ಲ. ಸೂಪರ್ ಮಾರ್ಕೆಟ್ಟಿನ ಬೆಣ್ಣೆಯನ್ನು ಸಣ್ಣ ಉರಿಯಲ್ಲಿ ಕಾಯಿಸಿ, ಹರಳು ಹರಳಾದ ತುಪ್ಪ ಮಾಡುವುದರಲ್ಲಿ ನನಗೆ ಹೆಸರಿತ್ತು. ಸಾಲಿನ ನಡುವೆ ಮೇಷ್ಟ್ರ ಮುಂದೆ ಬಂದು ಬಗ್ಗಿದೆ. ಅವರು ಅಂಗೈ ಅಗಲಿಸಿ ಪ್ಲೇಟಿಗೆ ಅಡ್ಡ ಹಿಡಿದರು.

“ನಂಗ ಬ್ಯಾಡ್ರಿ.”

“ಹಬ್ಬ ಮೇಷ್ಟ್ರೇ, ಒಂದು ತೊಟ್ಟು.”

“ಒಂದ ತೊಟ್ಟೂ ಬ್ಯಾಡ.”

ಪಕ್ಕದಲ್ಲಿದ್ದ ಎಂಜಿನಿಯರ್ ಒಬ್ಬರು, “ಏನ್ ಭಟ್ರೇ, ನಿಮ್ಮ ಕೈ ತುಪ್ಪ ಮೇಷ್ಟ್ರಿಗೆ ಆಗಿಬರಲ್ವಂತೆ!” ಎಂದರು. ಸಾಲಿಗೆ ಸಾಲೇ ನಕ್ಕಿತು. ಮೇಷ್ಟ್ರು ನಗಲಿಲ್ಲ. ವಿವರವನ್ನೂ ಹೇಳಲಿಲ್ಲ. ತೊವ್ವೆ, ಹೋಳಿಗೆ ಎಲ್ಲವನ್ನೂ ಪಕ್ಕಕ್ಕೆ ಸರಿಸಿ, ಚೀಲದಿಂದ ಸಣ್ಣ ಡಬ್ಬಿ ತೆಗೆದು, ತಾವು ತಂದಿದ್ದ ಪಲ್ಯವನ್ನು ಬರೀ ಅನ್ನಕ್ಕೆ ಕಲಸಿಕೊಂಡರು. ಆ ಅಡ್ಡ ಹಿಡಿದ ಕೈ ಎಷ್ಟೋ ದಿನ ನನ್ನ ಕಣ್ಣಿನಿಂದ ಹೋಗಲಿಲ್ಲ.

ಅಂದಿನಿಂದ ಅವರು ಮಾಡಿದ್ದೆಲ್ಲ ಸಂಚಿನಂತೆ ಕಂಡಿತು. ತಿಂಗಳಿಗೊಮ್ಮೆ ಔಷಧಿ ಅಂಗಡಿಯ ಕಾಗದದ ಚೀಲದಲ್ಲಿ ಬಾಟಲಿಗಳು ಬರುತ್ತಿದ್ದವು. ಗುಟ್ಟಾಗಿ ಕುಡಿಯುತ್ತಾರೆ ಎಂದುಕೊಂಡೆ. ಕಾಲು ನೋಡಿದವರು ಆನೆಕಾಲು ಎನ್ನುತ್ತಿದ್ದರು. ಅಂಟುತ್ತದೋ ಏನೋ ಎಂದು ನಾನು ಅವರ ಮನೆಯ ಲೋಟ ಮುಟ್ಟುತ್ತಿರಲಿಲ್ಲ. ಒಮ್ಮೆ ಹಿಮ ಗೋರುತ್ತಿದ್ದಾಗ ಅವರು, “ಅಡಿಗಿಯವರ, ನಿಮ್ಮ ಪೇಪರ್ ಏನಾದ್ವು?” ಎಂದು ಕೇಳಿದರು. “ಆಗ್ತಾ ಇವೆ,” ಎಂದೆ. ಕೇಳಿದ್ದು ಯಾಕೆ? ಯಾರಿಗೆ ಹೇಳುವುದಕ್ಕೆ?

ಅದೇ ಚಳಿಗಾಲ ಮೇಷ್ಟ್ರು ಬಸ್ ಸ್ಟಾಪಿನ ಹತ್ತಿರ ಮಂಜುಗಡ್ಡೆಯ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡರು. ಪ್ಲಾಸ್ಟರ್ ಹಾಕಿದ ಕೈ ಎದೆಗೆ ಒತ್ತಿಕೊಂಡು, ಒಂದೊಂದೇ ಮೆಟ್ಟಿಲು ಇಳಿದು ಬೇಸ್‌ಮೆಂಟಿಗೆ ಬಂದರು.

“ಈ ಕೈ ಬಿಚ್ಚೋತನಕ ಎರಡೂ ಹೊತ್ತು ನಂಗೂ ಒಂದೀಟು ಅಡಿಗಿ ಮಾಡ್ರಿ. ಅನ್ನ, ತೊವ್ವಿ, ಪಲ್ಯ, ಸಾಕು. ಆದ್ರ ಎಣ್ಣಿ-ತುಪ್ಪ ಒಂದ ಹನಿ ಹಾಕಬ್ಯಾಡ್ರಿ. ಒಗ್ಗರಣಿಗೆ ಬೇಕಂದ್ರ ಇದು.” ಔಷಧಿ ಅಂಗಡಿಯ ಬಾಟಲಿಯನ್ನು ಮೇಜಿನ ಮೇಲಿಟ್ಟರು. ಒಳಗಿದ್ದದ್ದು ನೀರಿನಂಥ ತಿಳಿ ಎಣ್ಣೆ.

“ಯಾಕೆ ಮೇಷ್ಟ್ರೇ?”

“ಡಾಕ್ಟರ್ ಹೇಳ್ಯಾರ.” ಅಷ್ಟೇ ಹೇಳಿ ಹತ್ತಿಹೋದರು.

ಎಣ್ಣೆಯನ್ನು ಔಷಧಿ ಅಂಗಡಿಯಿಂದ ತರುವವರನ್ನು ನಾನು ಕಂಡಿರಲಿಲ್ಲ. ಇದು ಮಡಿಯ ನೆಪ, ನನ್ನ ಕೈಯ ತುಪ್ಪ ಇವರಿಗೆ ಮೈಲಿಗೆ ಎಂದು ತೀರ್ಮಾನಿಸಿದೆ. ಈಗ ಯೋಚಿಸಿದರೆ ನನ್ನ ದಡ್ಡತನ ನನಗೇ ಕಾಣುತ್ತದೆ. ಮಡಿ ನೋಡುವವರು ಮೊದಲು ಬಿಡುವುದು ಇನ್ನೊಬ್ಬರ ಕೈಯ ಅನ್ನವನ್ನು. ಅನ್ನ ಕೇಳಿಕೊಂಡು ಬಂದವರು ತುಪ್ಪವೊಂದನ್ನೇ ಯಾಕೆ ಬೇಡವೆನ್ನುತ್ತಾರೆ? ಅಷ್ಟು ಯೋಚಿಸುವ ತಾಳ್ಮೆ ನನ್ನ ಸಿಟ್ಟಿಗಿರಲಿಲ್ಲ.

ಮೊದಲ ದಿನವೇ ತೊವ್ವೆಗೆ ಒಂದು ಚಮಚ ತುಪ್ಪ ಬೆರೆಸಿದೆ. ವಾಸನೆ ಗೊತ್ತಾಗದಿರಲೆಂದು ಇಂಗು, ಮೆಣಸು ಮುಂದಾಗಿ ಹಾಕಿದೆ. ತಟ್ಟೆ ತೊಳೆದಷ್ಟು ಚೊಕ್ಕಟವಾಗಿ ವಾಪಸು ಬಂತು.

“ಹೇಗಿತ್ತು ಮೇಷ್ಟ್ರೇ?”

“ಛಲೋ ಆಗಿತ್ತು,” ಎಂದರು. ನನ್ನ ಮುಖ ನೋಡಲಿಲ್ಲ.

ಮರುದಿನ ಇನ್ನಷ್ಟು ಹಾಕಿದೆ. ಆಮೇಲೆ ಪಲ್ಯಕ್ಕೂ ಹಾಕಿದೆ. ಏನೂ ಆಗಲಿಲ್ಲವಲ್ಲ ಎಂದು ಒಳಗೊಳಗೇ ಹಿಗ್ಗಿದೆ. ಪ್ಲಾಸ್ಟರ್ ಬಿಚ್ಚಿದ ದಿನ ನಾಲ್ಕು ಜನರ ಮುಂದೆ, “ಇಷ್ಟು ದಿನ ನೀವು ತಿಂದಿದ್ದು ನನ್ನ ಕೈ ತುಪ್ಪಾನೇ,” ಎಂದು ಹೇಳಬೇಕೆಂದು ಮಾತು ಕೂಡ ಜೋಡಿಸಿಟ್ಟುಕೊಂಡಿದ್ದೆ.

ಒಂದೆರಡು ವಾರದಲ್ಲಿ ಅವರ ಮುಖ ಬಾತುಕೊಂಡಿತು. ಬಲಗಾಲೂ ಊದಿ ಅದರ ಬೂಟು ಹತ್ತದಾಯಿತು. ಮೇಲಿನ ಬಚ್ಚಲಲ್ಲಿ ಪದೇ ಪದೇ ನೀರು ಬಿಡುವ ಸದ್ದು ನನ್ನ ತಲೆಯ ಮೇಲೆಯೇ ಕೇಳುತ್ತಿತ್ತು. ಆಗಲಾದರೂ ನಿಲ್ಲಿಸಬೇಕಿತ್ತು. ನಿಲ್ಲಿಸಿದರೆ ನನ್ನಿಂದಲೇ ಆಯಿತೆಂದು ನಾನೇ ಒಪ್ಪಿಕೊಂಡಂತೆ ಅನ್ನಿಸಿ, ಫ್ಲೂ ಇರಬೇಕೆಂದು ಸಮಾಧಾನ ಹೇಳಿಕೊಂಡು, ಮತ್ತೆಯೂ ಹಾಕಿದೆ. ಇಡೀ ಕಥೆಯಲ್ಲಿ ನನಗೆ ಹೇಳಲು ಅತಿ ಕಷ್ಟವಾದದ್ದು ಆ ಕೊನೆಯ ಚಮಚಗಳ ಮಾತು.

ಒಂದು ಮಧ್ಯಾಹ್ನ ತಟ್ಟೆ ತೆಗೆದುಕೊಂಡು ಮೇಲೆ ಹೋದರೆ ಅವರು ಸೋಫಾಗೆ ಒರಗಿ ಬಾಯಲ್ಲಿ ಉಸಿರಾಡುತ್ತಿದ್ದರು. ಹೊಟ್ಟೆ ಬಿರಿಯುವಂತೆ ಉಬ್ಬಿತ್ತು. ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಆಂಬುಲೆನ್ಸ್ ಬಂತು.

ಆಸ್ಪತ್ರೆಯ ಕಾರಿಡಾರಿನಲ್ಲಿ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದರು.

“ಭಟ್ರೇ, ಇವರಿಗೆ ಸಣ್ಣ ಕರುಳಲ್ಲಿ ತುಂಬಾ ರೇರ್ ಕಂಡಿಷನ್ ಇದೆ. ನನಗೂ ಇವತ್ತೇ ಗೊತ್ತಾಗಿದ್ದು, ಯಾರಿಗೂ ಹೇಳಿಲ್ಲ ಈ ಮನುಷ್ಯ. ಎಣ್ಣೆ, ತುಪ್ಪ ಏನೂ ಆಗಲ್ಲ. ಇಷ್ಟು ವರ್ಷ ಡಯಟ್‌ನಲ್ಲಿ ಕಂಟ್ರೋಲ್‌ನಲ್ಲಿತ್ತಂತೆ. ಈಗ ಅಡುಗೆ ನೀವು ಮಾಡ್ತಿದ್ರಲ್ಲ, ಏನಾದ್ರೂ ಫ್ಯಾಟ್ ಹೋಗಿದೆಯಾ?”

“ಇಲ್ಲಮ್ಮ. ಒಂದು ಹನಿಯೂ ಇಲ್ಲ.”

“ಶೂರಾ?”

“ದೇವರಾಣೆ.”

ನನ್ನ ಆ ಮಾತನ್ನು ಅವರು ಅಲ್ಲಿನ ಡಾಕ್ಟರುಗಳಿಗೆ ಮುಟ್ಟಿಸಿದರು. ಮುಂದೇನಾಯಿತೆಂದು ಅವರೇ ಹೇಳಿದರು: ಪಥ್ಯ ಮಾಡಿಯೂ ಹೀಗಾಗಿದೆ ಎಂದರೆ ಪಥ್ಯದಿಂದ ಇನ್ನು ಉಪಯೋಗವಿಲ್ಲ, ಹೊಟ್ಟೆ ತೆರೆದು ಕೆಟ್ಟ ಕರುಳನ್ನು ಕತ್ತರಿಸಿ ತೆಗೆಯಬೇಕು ಎಂದು ಸರ್ಜನ್ನರು ಯೋಚಿಸುತ್ತಿದ್ದಾರೆ. ಮೈಯಲ್ಲಿ ಸತ್ವವೇ ಇಲ್ಲದ ಅವರು ಅದನ್ನು ತಡೆದುಕೊಳ್ಳುತ್ತಾರೋ ಇಲ್ಲವೋ ಗೊತ್ತಿಲ್ಲ. ನಾನು ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಿದರೆ ಪೊಲೀಸರು, ಅವರ ಹಿಂದೆ ಇಮಿಗ್ರೇಷನ್‌ನವರು. ಡೈನರ್‌ನಲ್ಲಿ ಈರುಳ್ಳಿ ಹೆಚ್ಚುತ್ತ ಆ ಮಾತನ್ನು ಎಷ್ಟು ಸಲ ನುಂಗಿದೆನೋ.

ಕೊನೆಗೆ ಡಾಕ್ಟರಮ್ಮನ ಫೋನ್ ಬಂತು. “ಕೇಳಿದ್ರಾ ಭಟ್ರೇ ಕಥೆ! ಆಪರೇಷನ್ ಕ್ಯಾನ್ಸಲ್. ಮೇಷ್ಟ್ರೇ ಬಾಯಿಬಿಟ್ರು. ಆಸೆ ತಡೀಲಾರ್ದೆ ಕದ್ದು ತುಪ್ಪ ತಿಂದ್ರಂತೆ. ಚಿಕ್ಕ ಮಗೂನಾ ಇವರು?”

ಮೇಷ್ಟ್ರ ಮನೆಯಲ್ಲಿ ತುಪ್ಪವೇ ಇರಲಿಲ್ಲ. ಇದ್ದದ್ದು ಕೆಳಗೆ, ನನ್ನ ಬೇಸ್‌ಮೆಂಟಿನಲ್ಲಿ.

ಮನೆಗೆ ಬಂದ ಮೇಲೆ ಅವರು ನನ್ನನ್ನು ಮೇಲೆ ಕರೆದರು. ಹೊರಗೆ ಹಾಕುತ್ತಾರೆಂದು ಬಟ್ಟೆ ಜೋಡಿಸಿಟ್ಟೇ ಹೋದೆ. ಅವರು ಮಕ್ಕಳ ಕರಿಹಲಗೆಯ ಮೇಲೆ, ಪ್ಲಾಸ್ಟರ್ ಇಲ್ಲದ ಕೈಯಿಂದ ಸೊಟ್ಟಸೊಟ್ಟಾಗಿ ಕರುಳು ಬರೆದರು.

“ತುಪ್ಪ, ಎಣ್ಣಿ ಕರಗಿದ ಮ್ಯಾಲೆ ಸೀದಾ ರಕ್ತಕ್ಕ ಹೋಗೂದಿಲ್ರಿ. ಇಲ್ಲಿ ಸಣ್ಣ ಸಣ್ಣ ಕಾಲುವಿ ಅದಾವ, ದುಗ್ಧರಸದ್ದು, ಡಾಕ್ಟರು ಲಿಂಫ್ ಅಂತಾರಲ್ಲ, ಅದರದ್ದು. ಅದರಾಗ ಹರದು ಹೋಗಬೇಕು. ನನ್ನ ಕಾಲುವಿ ಹುಟ್ಟಾ ಕಟ್ಟಿ ಉಬ್ಬ್ಯಾವ. ತುಪ್ಪ ತಿಂದ್ರ ಮತ್ತಷ್ಟು ತುಂಬಿ ಒಡೀತಾವ, ಮೈಯಾಗಿನ ಸತ್ವ ಎಲ್ಲಾ ಕರುಳಿಗೆ ಸೋರಿ ಹೋಗ್ತದ. ನೀರು ಕಾಲಿಗೆ ಇಳೀತದ. ಬಾಟ್ಲಿ ಎಣ್ಣಿಗೆ ಕಾಲುವಿ ಬೇಕಾಗಿಲ್ಲ, ಅದು ಬ್ಯಾರೆ ದಾರೀಲೆ ಸೀದಾ ಹೋಗ್ತದ.”

ಊರಲ್ಲಿ ಎಲ್ಲರೂ ಅದನ್ನು ಆನೆಕಾಲೆಂದೇ ತಿಳಿದು ಗುಳಿಗೆ ಕೊಟ್ಟರಂತೆ. ಗೊತ್ತಾಗಿದ್ದ ಮದುವೆ ಮುರಿದುಬಿತ್ತಂತೆ. ಅವರ ಜೊತೆ ಒಂದೇ ಚಾಪೆಯ ಮೇಲೆ ಕೂರುತ್ತಿದ್ದವರು ಎದ್ದು ಹೋದರಂತೆ. ಇಲ್ಲಿಗೆ ಬಂದ ಮೇಲೆ ಒಬ್ಬ ಡಾಕ್ಟರು ನಳಿಗೆ ಕಟ್ಟಿದ ಗುಳಿಗೆಯಂಥದ್ದೊಂದನ್ನು ನುಂಗಿಸಿ, ಕರುಳಿನ ಚೂರು ಕಿತ್ತು ನೋಡಿ ರೋಗ ಕಂಡುಹಿಡಿದರು. “ಊರಾಗ ಹಂಗಾದಮ್ಯಾಲೆ ಯಾರಿಗೂ ಹೇಳೂದು ಬಿಟ್ಟೆ. ಹೇಳಿದ್ರ ಮಂದಿ ಮೊದಲ ಕುರ್ಚಿ ಸರಸ್ತಾರ, ಆಮ್ಯಾಲೆ ಮಾತಾಡ್ತಾರ.”

ನಾನೂ ಅವರ ಲೋಟ ಮುಟ್ಟದವನೇ.

“ಇನ್ನ ಮ್ಯಾಲೆ ನನ್ನ ಅಡಿಗಿ ನೀವ ಮಾಡ್ರಿ,” ಎಂದರು.

“ನಾನಾ?”

“ನೀವ. ಲಾಯರ್ ಜೋಡಿ ಮಾತಾಡೀನಿ. ನಂಗ ಇಂಥಾ ಪಥ್ಯದ ಅಡಿಗಿ ಮಾಡಾವ್ರು ಬೇಕು, ಇಲ್ಲಿ ಯಾರೂ ಸಿಗೂದಿಲ್ಲ ಅಂತ ಅರ್ಜಿ ಹಾಕಿದ್ರ ನಿಮಗ ಗ್ರೀನ್ ಕಾರ್ಡ್ ಆಗ್ತದಂತ.”

ಯಾರಾದರೂ ಆ ಕ್ಷಣ ಅವರ ಕಾಲು ಹಿಡಿಯುತ್ತಿದ್ದರು. ನನಗೆ ಬಂದದ್ದು ಅನುಮಾನ. ಇವರಿಗೆ ಎಲ್ಲ ಗೊತ್ತು, ಹಗ್ಗ ತಮ್ಮ ಕೈಯಲ್ಲಿಟ್ಟುಕೊಳ್ಳಲು ಹೀಗೆ ಮಾಡುತ್ತಿದ್ದಾರೆ, ಕಾರ್ಡ್ ಬರುವ ತನಕ ನಾನು ಬಾಲ ಮುದುರಿಕೊಂಡಿರಲಿ ಎಂದು. ಆದರೂ ಹೂಂ ಎಂದೆ.

ಅಡುಗೆಯನ್ನು ಹೊಸದಾಗಿ ಕಲಿತೆ. ಆ ಎಣ್ಣೆ ಸಾಸಿವೆ ಸಿಡಿಯುವ ಮೊದಲೇ ಹೊಗೆಯಾಡುತ್ತಿತ್ತು. ಸಾಸಿವೆಯನ್ನು ಬರೀ ಬಾಣಲೆಯಲ್ಲಿ ಸಿಡಿಸಿ, ಉರಿ ಆರಿಸಿ, ಆಮೇಲೆ ಎಣ್ಣೆ ಬಿಡಬೇಕು. ಕಾಯಿ ಹಾಕುವಂತಿಲ್ಲ. ಹಾಲು ಕಾಯಿಸಿ ಕೆನೆ ತೆಗೆದರೆ ಸಾಲದು, ಕೆನೆಯೇ ಇಲ್ಲದ ಹಾಲು ತರಬೇಕು. ನುಚ್ಚಿನುಂಡೆ, ಇಡ್ಲಿ, ಹಬೆಯ ಕಡುಬು ಅವರಿಗೆ ಒಗ್ಗಿದವು. ಬಲಗಾಲು ಇಳಿಯಿತು. ಮುಖ ಇಳಿಯಿತು. ಅವರು ಪ್ರತಿ ಹೊತ್ತೂ ಉಂಡು, “ಛಲೋ ಆಗಿತ್ತು,” ಎನ್ನುತ್ತಿದ್ದರು. ಹಿಂದೆ ಹೇಳಿದ ಛಲೋಗೂ ಈಗಿನ ಛಲೋಗೂ ಏನು ವ್ಯತ್ಯಾಸ ಎಂದು ನಾನು ಅವರ ಮುಖ ಹುಡುಕುತ್ತಿದ್ದೆ. ಹೇಳಿಬಿಡಬೇಕೆಂದು ಬಾಯಿ ತನಕ ಬರುತ್ತಿತ್ತು. ಕಾರ್ಡ್ ಬರಲಿ, ಆಮೇಲೆ ಎಂದು ಮುಂದಕ್ಕೆ ಹಾಕುತ್ತಿದ್ದೆ. ವರ್ಷಗಳು ಹೋದವು.

ಕಾರ್ಡ್ ಬಂದ ವಾರ ಮೇಲೆ ಹೋಗಿ ಅವರ ಮುಂದೆ ನಿಂತೆ. “ಮೇಷ್ಟ್ರೇ, ನಿಮಗೆ ತುಪ್ಪ ಹಾಕಿದ್ದು ನಾನು,” ಎಂದೆ.

ಅವರು ಮಕ್ಕಳ ಪೇಪರ್ ತಿದ್ದುತ್ತಿದ್ದರು. ಪೆನ್ನು ಕೆಳಗಿಟ್ಟರು. “ಉತ್ತರ ಹೇಳಿದ್ರಿ. ಹೆಂಗ ಬಂತು, ತೋರಸ್ರಿ.”

ಎಲ್ಲ ಹೇಳಿದೆ. ಯುಗಾದಿಯ ಕೈ, ಭಟ್ಟನಲ್ಲದ್ದು, ಇಂಗು, ಕಾರಿಡಾರಿನ ಸುಳ್ಳು ಆಣೆ, ಕಾರ್ಡಿಗೆ ಕಾದದ್ದು. ಕೇಳಿ ಅವರು ಕನ್ನಡಕ ತೆಗೆದರು.

“ಕಾರ್ಡ್ ಬಂದಮ್ಯಾಲೆ ಹೇಳಾಕ ಬಂದ್ರೇನು? ಭಾಳ ಶಾಣ್ಯಾ ಇದ್ದೀರಿ.” ಆಮೇಲೆ, “ಅಡಿಗಿ ಮಾಡ್ತೀರಿ ಅಂತ ಅಡಿಗಿಯವರ ಅಂದೆ. ನೀವು ಭಟ್ಟರು ಹೌದೋ ಅಲ್ಲೋ, ಅದು ನಂಗ್ಯಾಕ ಬೇಕಿತ್ತು?”

“ತುಪ್ಪದ ವಿಷಯ ನಿಮಗೆ ಗೊತ್ತಿತ್ತಾ?”

“ಮೊದಲನೇ ತುತ್ತಿನಾಗ ಗೊತ್ತಾತು. ಇಂಗು ಹಾಕಿದ್ರ ತುಪ್ಪ ಮುಚ್ಚತ್ತೇನ್ರಿ?”

“ಮತ್ತೆ ಯಾಕೆ ತಿಂದ್ರಿ ಮೇಷ್ಟ್ರೇ?”

ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸಿದರು. “ತುಪ್ಪದ ರುಚಿ ನೋಡಿ ಎಷ್ಟು ವರ್ಷ ಆಗಿತ್ತೋ. ಒಂದು ಹೊತ್ತು ತಿಂದು ಬಿಡೂಣು ಅಂದೆ. ಮತ್ತ ನಾಳಿಗೆ ಬಿಡೂಣು ಅಂದೆ. ತಟ್ಟಿ ಸರಸಬಹುದಿತ್ತು, ಸರಸಲಿಲ್ಲ. ಡಾಕ್ಟರಿಗೆ ನಾ ಹೇಳಿದ್ದು ಸುಳ್ಳಲ್ಲ. ನಿಮ್ಮದೂ ತಪ್ಪದ, ನಂದೂ ಅದ.”

ಕ್ಷಮೆ ಸಿಕ್ಕಿತೆಂದು ಹಗುರವಾಗಬೇಕಿತ್ತು. ಮೆಟ್ಟಿಲು ಇಳಿಯುವಷ್ಟರಲ್ಲಿ ಹಳೆಯ ಹುಳ ಮತ್ತೆ ಎದ್ದಿತು. ಇದು ನಿಜವೋ, ನನ್ನ ಸಂಕಟ ನೋಡಲಾರದೆ ಕಟ್ಟಿ ಹೇಳಿದ್ದೋ? ಕಟ್ಟುನಿಟ್ಟಿನ ಪಥ್ಯದಲ್ಲಿ ಅಷ್ಟು ವರ್ಷ ಬದುಕಿದ ಮನುಷ್ಯ, ಸಾಯಬಹುದೆಂದು ಗೊತ್ತಿದ್ದೂ ರುಚಿಗಾಗಿ ತಿನ್ನುತ್ತಾನೆಯೇ? ಅವರು ಕೊಟ್ಟದ್ದನ್ನು ಕೊಟ್ಟ ಹಾಗೆ ತೆಗೆದುಕೊಳ್ಳಲು ನನಗೆ ಆಗಲೇ ಇಲ್ಲ.

ಆಮೇಲೂ ನಾನು ಅಲ್ಲಿಯೇ ಇದ್ದೆ, ಅವರಿಗೆ ಅಡುಗೆ ಮಾಡಿಕೊಂಡು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಅವರ ಕಾಲಿನ ಚರ್ಮ ಮತ್ತೆ ಮತ್ತೆ ಕೆಂಪಾಗಿ ಜ್ವರ ಬರತೊಡಗಿತು. ಸೋಂಕಿನ ಜೊತೆ ಹೋರಾಡುವ ಶಕ್ತಿಯೂ ಅದೇ ಕಾಲುವೆಗಳಲ್ಲಿ ಸೋರಿಹೋಗಿದೆ ಎಂದು ಡಾಕ್ಟರಮ್ಮ ಹೇಳಿದರು. ಕೊನೆಯ ಸಲ ನ್ಯುಮೋನಿಯಾ ಆದಾಗ ಆಸ್ಪತ್ರೆ ಸಾಕೆಂದು ಹಟ ಹಿಡಿದು ಮನೆಗೆ ಬಂದರು. ಡಾಕ್ಟರಮ್ಮ ನನ್ನನ್ನು ಬಾಗಿಲ ಹತ್ತಿರ ಕರೆದು, “ಇನ್ನು ಪಥ್ಯ ಗಿಥ್ಯ ಬೇಡ. ಏನು ಕೇಳ್ತಾರೋ ಕೊಡಿ,” ಎಂದು ಹೇಳಿಹೋದರು.

ಮರುದಿನ ಬೆಳಿಗ್ಗೆ ಮೇಷ್ಟ್ರು, “ಇವತ್ತ ತೊವ್ವಿಗೆ ತುಪ್ಪ ಹಾಕ್ರಿ,” ಎಂದರು.

ಕೆಳಗೆ ಹೋಗಿ ಒಲೆಯ ಮುಂದೆ ನಿಂತೆ. ಬೆಣ್ಣೆ ಕೈಯಲ್ಲಿತ್ತು. ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ ಅನ್ನಿಸಿತು. ಹಾಕಿದರೆ, ‘ಇವನ ಬುದ್ಧಿ ಹೋಗಲಿಲ್ಲ ನೋಡು’ ಎಂದುಕೊಂಡಾರು. ಬೆಣ್ಣೆಯನ್ನು ಫ್ರಿಜ್ಜಿನಲ್ಲಿಟ್ಟು, ಎಂದಿನ ತೊವ್ವೆಯನ್ನೇ ಒಯ್ದೆ. ಅವರು ಒಂದು ಚಮಚ ಬಾಯಿಗಿಟ್ಟುಕೊಂಡು ನನ್ನನ್ನು ನೋಡಿದರು.

“ಹಾಕಿಲ್ಲಲ್ಲ.”

“ಇಲ್ಲ ಮೇಷ್ಟ್ರೇ.”

“ಇನ್ನೂ ನಂಬಿಕಿ ಬಂದಿಲ್ಲ ನಿಮಗ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಮಗ್ಗುಲಾದರು.

ಸಾಯುವ ಹೊತ್ತಿನಲ್ಲೂ ಅವರು ಕೇಳಿದ್ದು ತುಪ್ಪವನ್ನೇ ಎಂಬುದು ಆ ರಾತ್ರಿ ನನಗೆ ಹೊಳೆಯಿತು. ಅಂದು ಅವರು ಹೇಳಿದ್ದು ನಿಜ. ರುಚಿಗಾಗಿಯೇ ತಿಂದಿದ್ದರು. ಮಾರನೆಯ ದಿನ ಬೆಳಗಾಗುತ್ತಲೇ ಬೆಣ್ಣೆ ಕಾಯಿಸಿದೆ. ಹರಳು ಕಟ್ಟುವವರೆಗೆ ಕಾಯದೆ, ಬಿಸಿ ಆರಿಸಿ, ಬಟ್ಟಲಿನಲ್ಲಿ ತೆಗೆದುಕೊಂಡು ಮೇಲೆ ಓಡಿದೆ. ಅವರಿಗೆ ಮಾತು ನಿಂತಿತ್ತು. ನುಂಗಲು ಆಗುತ್ತಿರಲಿಲ್ಲ. ಬೆರಳಿನ ತುದಿಯಿಂದ ತುಟಿಗೆ ಸವರಿದೆ. ನಾಲಿಗೆ ಒಂದಿಷ್ಟು ಅಲುಗಿತು. ಮಧ್ಯಾಹ್ನಕ್ಕೆ ಹೋದರು.

ಆ ನಾಲಿಗೆ ತುಪ್ಪದ ರುಚಿ ನೋಡಿತೋ, ಉಸಿರಿಗೆ ಸುಮ್ಮನೆ ಅಲುಗಿತೋ, ನನಗೆ ಇವತ್ತಿಗೂ ಗೊತ್ತಿಲ್ಲ. ರುಚಿ ನೋಡಿತೆಂದು ನಂಬುವುದನ್ನು ಕಲಿಯುತ್ತಿದ್ದೇನೆ.